ಲಾವಾ ಬೆಡ್ಸ್ ಶೂನಲ್ಲೇ ಕ್ರೇಟರ್ಸ್‌ಗೆ ಹೋಗಬೇಡಿ

ನೀವು ಹಾಕಿದ ಪ್ರವಾಸದ ಪ್ಲ್ಯಾನ್ ಓದಿದೆ. ರೂಟ್ ಚೆನ್ನಾಗಿದೆ, ಆದರೆ ಒಂದು ಕಡೆ ಎಡವುತ್ತೀರಿ. ಆರ್‌ವಿಯಲ್ಲಿ (ಅಡುಗೆಮನೆ, ಹಾಸಿಗೆ ಇರೋ ಗಾಡಿ) ಮೊದಲು ಕ್ಯಾಲಿಫೋರ್ನಿಯಾದ ಲಾವಾ ಬೆಡ್ಸ್, ಆಮೇಲೆ ಐಡಹೋದ ಕ್ರೇಟರ್ಸ್ ಆಫ್ ದಿ ಮೂನ್, ಎರಡೂ ಕಡೆ ಗುಹೆಗೆ ಇಳೀತೀವಿ ಅಂತ ಬರೆದಿದ್ದೀರಿ. ಶೂ ಒಂದೇ ಜೊತೆ ಅಲ್ವಾ? ಹಾಗಾದರೆ ಕ್ರೇಟರ್ಸ್‌ನ ಇಂಡಿಯನ್ ಟನಲ್ ಗುಹೆ ನೋಡಿದ ಹಾಗೇ ಇದೆ!

ಕ್ರೇಟರ್ಸ್‌ನಲ್ಲಿ ಗುಹೆಗೆ ಇಳಿಯಲು ವಿಸಿಟರ್ ಸೆಂಟರ್‌ನಲ್ಲಿ ಪರ್ಮಿಟ್ ಬೇಕು. ದುಡ್ಡಿಲ್ಲ. ಆದರೆ ಈ ಬಟ್ಟೆ, ಶೂ ಬೇರೆ ಗುಹೆಗೆ ಹೋಗಿತ್ತಾ ಅಂತ ಕೇಳಿಯೇ ಕೊಡುತ್ತಾರೆ. ವೈಟ್ ನೋಸ್ ಅನ್ನೋ ಬೂಷ್ಟು ರೋಗದಿಂದ ಬಾವಲಿಗಳು ಸಾಯುತ್ತಿವೆ. ಅದರ ಕಣಗಳು ಶೂ ಅಡಿಯ ಮಣ್ಣಲ್ಲಿ ಕೂತು ಊರೂರು ಸುತ್ತುತ್ತವೆ. ಬ್ರಷ್ ಹಾಕಿ ಉಜ್ಜಿದರೆ ಹೋಗೋದಲ್ಲ. ನಮ್ಮ ಜೊತೆ ಬಂದವರಲ್ಲಿ ಅರ್ಧ ಜನ ಮೇಲೇ ಕೂರಬೇಕಾಯಿತು. ದಯವಿಟ್ಟು ಸುಳ್ಳು ಹೇಳಿ ಇಳಿಯಬೇಡಿ.

ಈಗ ನಾವು ಮಾಡೋದು ಹೀಗೆ. ಲಾವಾ ಬೆಡ್ಸ್‌ಗೆ ಹಳೇ ಬಟ್ಟೆ, ಹಳೇ ಶೂ, ಅಗ್ಗದ ಟಾರ್ಚ್. ಹೊರಗೆ ಬಂದ ತಕ್ಷಣ ಎಲ್ಲ ಕಪ್ಪು ಕಸದ ಚೀಲಕ್ಕೆ ತುಂಬಿ, ಗಂಟು ಹಾಕಿ, ಆರ್‌ವಿಯ ಹೊರಗಿನ ಡಿಕ್ಕಿಗೆ. ಮನೆಗೆ ಬರೋವರೆಗೂ ಬಿಚ್ಚಲ್ಲ. ಕ್ಯಾಮೆರಾ ಬ್ಯಾಗ್, ಟೋಪಿ, ಮಕ್ಕಳ ಮೊಣಕಾಲಿನ ಪ್ಯಾಡ್ ಎಲ್ಲವೂ ಇದೇ ಲೆಕ್ಕ. ಜನ ಮರೆಯೋದೇ ಇವನ್ನ.

ಚಪ್ಪಲಿ ಅಂತೂ ಬೇಡವೇ ಬೇಡ. ಲಾವಾ ಗಾಜಿನ ಚೂರಿನ ಹಾಗೆ ಕೊಯ್ಯುತ್ತದೆ. ಬೇಸಿಗೆ ಮಧ್ಯಾಹ್ನ ಆ ಕಪ್ಪು ನೆಲ 150 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ನಾಯಿ ಕರ್ಕೊಂಡು ಹೋಗೋರು ಇದನ್ನ ಎರಡು ಸಲ ಓದಿ. ಕ್ರೇಟರ್ಸ್‌ನ ಇನ್ಫರ್ನೋ ಕೋನ್ ಗುಡ್ಡ ಬೆಳಿಗ್ಗೆಯೇ ಹತ್ತಿ. ದೂರ ಕಡಿಮೆ, ಏರು ಜಾಸ್ತಿ. 1969ರಲ್ಲಿ ಅಪೊಲೊ ಗಗನಯಾತ್ರಿಗಳು ಕಲ್ಲು ನೋಡೋದು ಕಲಿಯಲು ಇಲ್ಲಿಗೇ ಬಂದಿದ್ದರು. ಮಕ್ಕಳಿಗೆ ಹೇಳಿ, ಗೊಣಗೋದು ಸ್ವಲ್ಪ ಕಡಿಮೆಯಾಗುತ್ತದೆ. ಕಲ್ಲು ಮಾತ್ರ ಜೇಬಿಗೆ ಹಾಕಿಸಬೇಡಿ.

ಕ್ರೇಟರ್ಸ್‌ನ ಲಾವಾ ಫ್ಲೋ ಕ್ಯಾಂಪ್‌ಗ್ರೌಂಡ್‌ನಲ್ಲಿ ಇರೋದೇ 42 ಸೈಟ್. ನಿಮ್ಮ 32 ಅಡಿ ಗಾಡಿಗೆ ಹೊಂದುವುದು ಇನ್ನೂ ಕಡಿಮೆ. ಸಂಜೆಗೆ ಹೋಗ್ತೀವಿ ಅಂದ್ರೆ ಕಷ್ಟ. ಮಧ್ಯಾಹ್ನದೊಳಗೆ ಸೇರಿಕೊಳ್ಳಿ. ಹುಕಪ್ (ಗಾಡಿಗೆ ಕರೆಂಟ್, ನೀರಿನ ಕನೆಕ್ಷನ್) ಇಲ್ಲ, ಕೊಳಕು ನೀರು ಖಾಲಿ ಮಾಡೋ ಡಂಪ್ ಸ್ಟೇಷನ್ ಇಲ್ಲ. ಡೀಸೆಲ್, ಗ್ಯಾಸ್ 18 ಮೈಲಿ ಆಚೆ ಆರ್ಕೋದಲ್ಲೇ ತುಂಬಿಸಿ. ರಾತ್ರಿಯಿಡೀ ಎಸಿ ಹಾಕ್ತೀವಿ ಅಂದಿದ್ದೀರಲ್ಲ, ಅದು ಬೇಕಾಗಲ್ಲ. ಸುಮಾರು 5,900 ಅಡಿ ಎತ್ತರ, ರಾತ್ರಿ ಚಳಿಯೇ. ರಾತ್ರಿ ಹತ್ತರ ಮೇಲೆ ಜನರೇಟರ್ ಹಾಕುವ ಹಾಗೂ ಇಲ್ಲ. ಹಗಲಿಗೆ ಬೇಕೇ ಬೇಕು ಅಂದ್ರೆ ಹೋಂಡಾ ಸಣ್ಣ ಇನ್ವರ್ಟರ್ ಜನರೇಟರ್ ವಾಸಿ. ಬಾಡಿಗೆ ಗಾಡಿಗಳಲ್ಲಿ ಬರೋ ಗುಡುಗುಡು ಜನರೇಟರ್ ಅಕ್ಕಪಕ್ಕದವರ ತಲೆ ತಿನ್ನುತ್ತೆ.

ಅಡುಗೆ ವಿಷಯ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಬೇಯೋಕೆ ತುಂಬಾ ಹೊತ್ತು ಹಿಡಿಯುತ್ತದೆ. ಕುಕ್ಕರ್ ಒಯ್ಯಿರಿ, ಒಂದು ವಿಷಲ್ ಜಾಸ್ತಿ ಕೂಗಿಸಿ. ಇಷ್ಟಾದರೂ ಸಾಂಬಾರ್ ಬೇಡ ಅಂತಲೇ ನನ್ನ ಸಲಹೆ. ಎಣ್ಣೆ ಪಾತ್ರೆ ತೊಳೆದು ತೊಳೆದು ಗ್ರೇ ಟ್ಯಾಂಕ್ (ಸಿಂಕ್ ನೀರು ಸೇರೋ ಟ್ಯಾಂಕ್) ತುಂಬಿ, ಸಿಂಕ್‌ನಿಂದ ವಾಸನೆ ಶುರುವಾಗುತ್ತದೆ. ಎಂಟಿಆರ್ ಪುಳಿಯೋಗರೆ ಪುಡಿ ಸಾಕು. ಗೊಜ್ಜು ಮನೆಯಲ್ಲೇ ಮಾಡಿ ಒಯ್ದರೆ ಇನ್ನೂ ಒಳ್ಳೇದು. ತಟ್ಟೆಯನ್ನ ಮೊದಲು ಟಿಶ್ಯೂನಲ್ಲಿ ಒರೆಸಿ, ಆಮೇಲೆ ತೊಳೀರಿ. ಕ್ಯಾಂಪ್‌ಫೈರ್ ಅಂತ ಸೌದೆ ಕಟ್ಟು ಹೊತ್ತುಕೊಂಡು ಹೋಗಬೇಡಿ, ಅಲ್ಲಿ ಸೌದೆ ಉರಿಸೋ ಹಾಗಿಲ್ಲ. ಗ್ರಿಲ್‌ನಲ್ಲಿ ಇದ್ದಿಲು ಮಾತ್ರ. ಮೆಕ್ಕೆಜೋಳ ಸುಡೋಕೆ ಅಷ್ಟು ಸಾಕು. ಉಪ್ಪು, ಖಾರ, ನಿಂಬೆಹಣ್ಣು ಮರೀಬೇಡಿ.