ಓಟ್ಸ್ ತುಂಡು ಮಗುವಿನ ಕೈಗೆ

ಪ್ರಶ್ನೆ: ಅಕ್ಕೋರೇ, ನನ್ನ ಮಗನಿಗೆ ಈಗ 7 ತಿಂಗಳು. ಚಮಚದಲ್ಲಿ ರಾಗಿ ಮಣ್ಣಿ ಕೊಟ್ಟರೆ ಮುಖ ತಿರುಗಿಸುತ್ತಾನೆ. ನಾವು ಊಟಕ್ಕೆ ಕೂತರೆ ಮಾತ್ರ ನಮ್ಮ ಬಟ್ಟಲಿಗೇ ಕೈ ಹಾಕುತ್ತಾನೆ. ಓಟ್ಸ್‌ನಲ್ಲಿ ಬೆರಳುದ್ದದ ತುಂಡು ಮಾಡಿ ಅವನ ಕೈಗೇ ಕೊಡು ಅಂತ ಬೆಂಗಳೂರಿನ ನಾದಿನಿ ಹೇಳಿದಳು. ಹಲ್ಲೇ ಬಂದಿಲ್ಲ, ಗಂಟಲಿಗೆ ಸಿಕ್ಕರೆ ಏನು ಗತಿ ಅಂತ ಅತ್ತೆ ಹೆದರುತ್ತಾರೆ. ಅಂಗಡಿಯಲ್ಲಿ ಥರಥರದ ಓಟ್ಸ್ ಇದೆ. ಯಾವುದು ತರಲಿ? ಬೆಲ್ಲ ಹಾಕಬಹುದಾ?
— ಒಬ್ಬ ತಾಯಿ, ಕುಮಟಾ

ಉತ್ತರ: ತಂಗೀ, ಅತ್ತೆಯ ಹೆದರಿಕೆಯಿಂದಲೇ ಶುರು ಮಾಡುತ್ತೇನೆ. ಶಿರಸಿ ಕಡೆಯ ಹಳ್ಳಿಯಲ್ಲಿ 28 ವರ್ಷ ಅಂಗನವಾಡಿ ನಡೆಸಿದವಳು ನಾನು. ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅವರು ಹೆದರುವುದು ತಪ್ಪಲ್ಲ. ಆದರೆ ಮೆತ್ತಗಿನ ತುಂಡಾದರೆ ಮಕ್ಕಳು ಒಸಡಿನಲ್ಲೇ ಚೆನ್ನಾಗಿ ಹಿಸುಕಿ ನುಂಗುತ್ತಾರೆ. ನೀನು ಎರಡು ವಿಷಯ ನೋಡು. ಒರಗಿಸಿ ಕೂರಿಸಿದರೆ ಕುತ್ತಿಗೆ ವಾಲದೆ ನೆಟ್ಟಗೆ ಕೂರುತ್ತಾನಾ? ಕೊಡುವ ತುಂಡು ನಿನ್ನ ಹೆಬ್ಬೆರಳು, ತೋರುಬೆರಳಿನ ನಡುವೆ ಸುಲಭವಾಗಿ ಹಿಸುಕಿ ಹೋಗುತ್ತದಾ? ಎರಡೂ ಸರಿಯಿದ್ದರೆ ಕೊಡು.

ಅತ್ತೆಗೆ ಹೀಗೆ ಹೇಳಿ ನೋಡು. ಇದು ಹಾಲುಬಾಯಿ ಮಾಡಿದ ಹಾಗೇ. ಬೆಂದದ್ದು ತಟ್ಟೆಯಲ್ಲಿ ಆರಿ ಗಟ್ಟಿಯಾದ ಮೇಲೆ ತುಂಡು ಮಾಡುತ್ತೇವೆ ಅಲ್ವಾ? ಓಟ್ಸ್ ಕೂಡ ನೀರು ಕುಡಿದು ಲೋಳೆಯಾಗಿ, ಬೆಂದು ಆರಿದಾಗ ಹಿಡಿದುಕೊಳ್ಳುತ್ತದೆ. ತಟ್ಟೆಗೆ ಸುರಿದು ತುಂಡು ಮಾಡುವ ಹದ ನಿನಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಸಲ ಅವರ ಕೈಯಲ್ಲೇ ಮಾಡಿಸು.

ಅಂಗಡಿಯಿಂದ ಚಪ್ಪಟೆಯಾದ ಸಾದಾ ರೋಲ್ಡ್ ಓಟ್ಸ್ ತಾ. ಬೇಗ ಬೇಯುವ ತೆಳ್ಳಗಿನದೂ ಆಗುತ್ತದೆ. ಮಸಾಲೆ ಪೊಟ್ಟಣ ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಸ್ಟೀಲ್ ಕಟ್ ಅಂತ ಬರೆದದ್ದು ನುಚ್ಚಿನ ಹಾಗೆ ಗಟ್ಟಿ, ಅದೂ ಬೇಡ.

4 ದೊಡ್ಡ ಚಮಚ ಓಟ್ಸ್ ಮಿಕ್ಸಿಯಲ್ಲಿ ತರಿತರಿ ಪುಡಿ ಮಾಡು. ತೋಟದ ಒಂದು ಚಿಕ್ಕ ಬಾಳೆಹಣ್ಣು, ಚೆನ್ನಾಗಿ ಕಳಿತದ್ದು, ಕಿವುಚಿ ಹಾಕು. 2–3 ಚಮಚ ನೀರು ಅಥವಾ ಎದೆಹಾಲು ಸೇರಿಸಿ ಕಲಸು. ಹತ್ತು ನಿಮಿಷ ಮುಚ್ಚಿಡು. ಈ ಹತ್ತು ನಿಮಿಷವನ್ನು ದಯವಿಟ್ಟು ಉಳಿಸಲು ಹೋಗಬೇಡ. ನನ್ನ ಮೊಮ್ಮಗಳಿಗೆ ಮೊದಲ ಸಲ ಮಾಡಿದಾಗ ನಾನು ನೆನೆಸದೆ ಕಾವಲಿಗೆ ಹಾಕಿಬಿಟ್ಟೆ. ಮೇಲೆ ಗರಿಗರಿ, ಒಳಗೆ ಓಟ್ಸ್ ಒಣಒಣ. ಅಂಗುಳಿಗೆ ಅಂಟಿ ಮಗು ಓಕರಿಸಿತು. ನನ್ನ ಎದೆ ಧಸಕ್ಕೆಂದಿತು. ಅವತ್ತಿನಿಂದ ನೆನೆಸದೆ ಮಾಡಿದ್ದೇ ಇಲ್ಲ. ಹನ್ನೆರಡು ವರ್ಷ ದಾಟಿತು, ಇವತ್ತಿಗೂ ಆ ಸದ್ದು ನೆನಪಿದೆ.

ನೆನೆದ ಮೇಲೆ ದೋಸೆ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಮೆತ್ತಗೆ ಇರಬೇಕು. ತುಪ್ಪ ಸವರಿದ ತಟ್ಟೆಗೆ ಬೆರಳು ದಪ್ಪ ಹಚ್ಚಿ, ಇಡ್ಲಿ ಪಾತ್ರೆಯಲ್ಲಿ 12 ನಿಮಿಷ ಹಬೆಯಲ್ಲಿ ಬೇಯಿಸು. ಪೂರ್ತಿ ಆರಲಿ. ಬಿಸಿಯಲ್ಲೇ ಕೊಯ್ದರೆ ಮುದ್ದೆಯಾಗುತ್ತದೆ. ನಿನ್ನ ಬೆರಳಿನಷ್ಟು ಉದ್ದಕ್ಕೆ ಕೊಯ್ಯಿ. 7 ತಿಂಗಳ ಮಗು ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ತುಂಡು ಮುಷ್ಟಿಯಿಂದ ಹೊರಗೆ ಬಂದರೇ ಅಲ್ವಾ ಬಾಯಿಗೆ ಸಿಗುವುದು? ಸುಮಾರು 9 ತಿಂಗಳಿಗೆ ಎರಡು ಬೆರಳಲ್ಲಿ ಹೆಕ್ಕಲು ಕಲಿತಾಗ ಸಣ್ಣ ತುಂಡು ಸಾಕು. ಬಾಳೆಹಣ್ಣಿನ ಬದಲು ಬೇಯಿಸಿದ ಗೆಣಸು, ಸಿಹಿಗುಂಬಳ ಹಾಕಬಹುದು. ಸೌತೆಕಾಯಿ ನುಣ್ಣಗೆ ತುರಿದು ಹಾಕಿ ತೆಳ್ಳೇವಿನ ಹಾಗೆ, ಸ್ವಲ್ಪ ದಪ್ಪಗೆ, ಸಣ್ಣ ಉರಿಯಲ್ಲಿ ಹೊಯ್ದರೂ ಮೆತ್ತಗಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನೆಚ್ಚುವ ಹಾಗಿಲ್ಲ, ಫ್ರಿಜ್ಜಿನಲ್ಲಿಡದೆ ಆಯಾ ದಿನದ್ದು ಆಯಾ ದಿನ ಮಾಡು.

ಬೆಲ್ಲ, ಸಕ್ಕರೆ, ಉಪ್ಪು ಒಂದು ವರ್ಷ ತುಂಬುವವರೆಗೆ ಬೇಡ. ಜೇನುತುಪ್ಪವಂತೂ ನೆಕ್ಕಿಸಲೂ ಬೇಡ. ಅದರಲ್ಲಿರಬಹುದಾದ ಒಂದು ಥರದ ಬ್ಯಾಕ್ಟೀರಿಯಾ ಎಳೆಯ ಮಗುವಿನ ಕರುಳಲ್ಲಿ ಬೆಳೆದು ವಿಷವಾಗುತ್ತದೆ. ಮನೆಯ ಜೇನು, ಕಾಡಿನ ಜೇನು ಅಂತ ನಮ್ಮಲ್ಲಿ ಪ್ರೀತಿಯಿಂದ ಕೊಡುತ್ತಾರೆ. ಗಟ್ಟಿಯಾಗಿ ಬೇಡ ಅನ್ನು. ಇಡೀ ಗೋಡಂಬಿ, ಶೇಂಗಾ ಕಾಳು, ಹಸಿ ಕ್ಯಾರೆಟ್ ಕೂಡ ಕೈಗೆ ಕೊಡಬೇಡ.

ತಿನ್ನುವಾಗ ಎದುರಿಗೇ ಕೂತಿರು. ಮಗು ಕೆಮ್ಮಿ, ಓಕರಿಸಿ, ಸದ್ದು ಮಾಡಿದರೆ ತಾನೇ ಹೊರಗೆ ತಳ್ಳುತ್ತಿದೆ ಅಂತ ಅರ್ಥ. ತಾಳು, ಬಾಯಿಗೆ ಬೆರಳು ಹಾಕಬೇಡ. ಸದ್ದೇ ಇಲ್ಲದೆ, ಉಸಿರಾಡಲಾಗದೆ ಒದ್ದಾಡಿದರೆ ಅದು ಅಪಾಯ. ಆಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಇರುವ ಹಾಗೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ 5 ಸಲ ಗಟ್ಟಿಯಾಗಿ ತಟ್ಟಬೇಕು. ಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ 5 ಸಲ ಒತ್ತಬೇಕು. ಹೊರಗೆ ಬರುವವರೆಗೆ ಇವೆರಡನ್ನೂ ಬದಲಿಸುತ್ತಾ ಮಾಡುತ್ತಿರು, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಅತ್ತೆಯೂ ಕಲಿಯಲಿ, ಮಗನ ಅಪ್ಪನೂ ಕಲಿಯಲಿ. ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಹತ್ತಿರ ಒಮ್ಮೆ ಮಾಡಿ ತೋರಿಸಲು ಕೇಳಿ.

ಮೊದಲ ದಿನ ಬೆಳಿಗ್ಗೆ ಹೊತ್ತು ಒಂದೇ ತುಂಡು ಕೊಡು. ಮೂರು ದಿನ ಬೇರೆ ಹೊಸದೇನೂ ಬೇಡ. ಮೈಮೇಲೆ ದದ್ದು, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಓಟ್ಸ್ ಬಂತು ಅಂತ ರಾಗಿ ಬಿಡಬೇಡ. ಸುಣ್ಣದಂಶದಲ್ಲಿ ರಾಗಿ ಓಟ್ಸ್‌ಗಿಂತ ಎಷ್ಟೋ ಮುಂದೆ. ಚಮಚ ಬೇಡ ಅಂದವನು ಗಟ್ಟಿಯಾಗಿ ಕಾಸಿ ತಟ್ಟೆಯಲ್ಲಿ ಆರಿಸಿದ ಮಣ್ಣಿಯ ತುಂಡನ್ನು ತಾನೇ ಹಿಡಿದು ತಿನ್ನಬಹುದು. ಆರು ತಿಂಗಳ ನಂತರ ಮಗುವಿಗೆ ಕಬ್ಬಿಣದಂಶ ಜಾಸ್ತಿ ಬೇಕು. ಬೇಳೆ, ಹರಿವೆ ಸೊಪ್ಪು, ನೀವು ತಿನ್ನುವವರಾದರೆ ಮೊಟ್ಟೆ, ಮುಳ್ಳು ಪೂರ್ತಿ ತೆಗೆದ ಮೀನು, ಇವೆಲ್ಲ ಒಂದೊಂದಾಗಿ ಬರಲಿ. ಜೊತೆಗೆ ಪಪ್ಪಾಯಿ ತುಂಡು ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಈಗ ದಿನಕ್ಕೆ 2–3 ಸಲ ಊಟ, ಉಳಿದಂತೆ ಎದೆಹಾಲು.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ತಿಂಗಳು. ನಾವು ತಿನ್ನುವುದನ್ನೇ ನೋಡುತ್ತಾಳೆ. ಓಟ್ಸ್ ನೀರು ಕೊಡಬಹುದಾ?
— ಓದುಗಿ, ಅಂಕೋಲಾ

ಉತ್ತರ: ಬೇಡಮ್ಮ. ಆ ವಯಸ್ಸಿಗೆ ಮಕ್ಕಳು ಎಲ್ಲವನ್ನೂ ನೋಡುತ್ತಾರೆ, ಅದು ಹಸಿವಲ್ಲ. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಊಟದ ಹೊತ್ತಿಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಚಮಚ ಕೈಗೆ ಕೊಡು, ಆಡಿಕೊಳ್ಳಲಿ.