ಒಸಡಿನಲ್ಲಿ ರಕ್ತ ಬಂದರೆ ಪೇಸ್ಟ್ ಬದಲಿಸಬೇಕೆ?

ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ಯಾವ ಪೇಸ್ಟ್ ಒಳ್ಳೆಯದು, ವಾಸಿಯಾಗುವವರೆಗೆ ಬ್ರಷ್ ಮಾಡುವುದನ್ನು ನಿಲ್ಲಿಸಲೇ ಎಂದು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ನೀವು ಕೇಳಿದ್ದೀರಿ. ಪೇಸ್ಟಿನ ಪ್ರಶ್ನೆಯನ್ನು ದಯವಿಟ್ಟು ಬದಿಗಿಡಿ. ಉಜ್ಜುವುದನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತ ಹಾಸ್ಟೆಲಿನಲ್ಲಿದ್ದಾಗ ಬಲಗಡೆಯ ಕೆಳದವಡೆಯಲ್ಲಿ ನನಗೂ ಹೀಗೆಯೇ ರಕ್ತ ಬರುತ್ತಿತ್ತು. ಗಾಯವನ್ನು ಕೆದಕದಿದ್ದರೆ ತಾನಾಗಿ ಮಾಯುತ್ತದೆ ಎಂದು ನಂಬಿ, ಆ ಜಾಗವನ್ನು ಬಿಟ್ಟು ಉಳಿದ ಕಡೆ ಮಾತ್ರ ಉಜ್ಜತೊಡಗಿದೆ. ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ಅಲ್ಲಿ ಗಾಯವೇ ಇರಲಿಲ್ಲ. ಹಲ್ಲು ಮತ್ತು ಒಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪದರ, ಅಂದರೆ ಪ್ಲಾಕ್, ಕಟ್ಟಿಕೊಂಡು ಒಸಡು ಊದಿತ್ತು, ಆದ್ದರಿಂದಲೇ ಮುಟ್ಟಿದರೆ ರಕ್ತ ಒಸರುತ್ತಿತ್ತು. ಉಜ್ಜದೆ ಬಿಟ್ಟ ಪದರವು ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾದ ಪಾಚಿಯಾಗುತ್ತದೆ, ಆಮೇಲೆ ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ. ಅದರ ಮೇಲೆ ಹೊಸ ಪದರ ಕೂರುತ್ತದೆ, ಒಸಡು ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ, ಸಂದು ಆಳವಾಗುತ್ತ ಹೋಗಿ ಹಲ್ಲನ್ನು ಹಿಡಿದಿರುವ ಮೂಳೆಯೇ ಸವೆಯುತ್ತದೆ. ಇಷ್ಟಾದರೂ ನನಗೆ ನೋವಿರಲಿಲ್ಲ. ಊತದ ಹಂತದಲ್ಲೇ ಶುಚಿ ಮಾಡಿಸಿದ್ದರೆ ಒಸಡು ಮೊದಲಿನಂತಾಗುತ್ತಿತ್ತು. ಸವೆದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಕೊನೆಗೆ ತೋರಿಸಲು ಹೋದಾಗ ದಂತವೈದ್ಯರು ಗೆರೆಗಳಿದ್ದ ತೆಳು ಕಡ್ಡಿಯನ್ನು ಸಂದಿನೊಳಗೆ ಇಳಿಸಿ, 3 ಮಿ.ಮೀ. ಮೀರಬಾರದ ಆಳವನ್ನು 8 ಎಂದು ಸಹಾಯಕರಿಗೆ ಬರೆಸಿದರು. ಆ ದವಡೆಹಲ್ಲು ಉಳಿಯಲಿಲ್ಲ.

ಮೃದುವಾದ ಬ್ರಷ್ಷನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ರಕ್ತ ಬರುವ ಜಾಗವನ್ನೂ ಬಿಡದೆ ಮೆಲ್ಲಗೆ ಉಜ್ಜಿ. ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆಯನ್ನು ಪರೀಕ್ಷೆಯ ದಿನಗಳಲ್ಲೂ ತಪ್ಪಿಸಬೇಡಿ. ಬಾಯಿ ಮುಕ್ಕಳಿಸುವ ಔಷಧ ಗಟ್ಟಿಯಾದ ಪಾಚಿಯನ್ನು ಕರಗಿಸುವುದಿಲ್ಲ. ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಕಾಣಿಸಿಕೊಳ್ಳುವುದರಿಂದ ರೋಗ ಮರೆಯಲ್ಲೇ ಬೆಳೆಯುತ್ತದೆ, ನಿಮಗೆ ಆ ಅಭ್ಯಾಸವಿದ್ದರೆ ದಂತವೈದ್ಯರ ಬಳಿಗೆ ಇನ್ನೂ ಬೇಗ ಹೋಗಿ. ಸ್ಕೇಲಿಂಗ್, ಅಂದರೆ ಉಪಕರಣದಿಂದ ಪಾಚಿ ತೆಗೆಯುವ ಶುಚಿ, ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಹಾಸ್ಟೆಲಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ನಂಬಬೇಡಿ: ಮೂಳೆ ಸವೆದು ಮೊದಲೇ ಸಡಿಲವಾದದ್ದು ಪಾಚಿ ತೆಗೆದಾಗ ಗೊತ್ತಾಗುತ್ತದೆ, ಅಷ್ಟೆ. ಮೈಸೂರಿನಲ್ಲೇ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ಕಾಲೇಜುಗಳಿವೆ. ಈ ವಾರವೇ ಯಾವುದಾದರೊಂದರ ಹೊರರೋಗಿ ವಿಭಾಗಕ್ಕೆ ಹೋಗಿ, ಶುಚಿ ಮಾಡಿಸುವುದರ ಜೊತೆಗೆ ಪ್ರತಿ ಹಲ್ಲಿನ ಸಂದಿನ ಆಳವನ್ನು ಅಳೆದು ಬರೆದುಕೊಡುವಂತೆ ಕೇಳಿ.