ಕೊಕ್ಕೊ ಆಡಿದ ಕಾಲಿಗೆ ಹತ್ತು ನಿಮಿಷದ ನಡಿಗೆ

ಅವರನ್ನು ಸುಮಾ ಎಂದು ಕರೆಯೋಣ. ಗುರುತು ಸಿಗದಂತೆ ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 41, ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ರಕ್ತ ಪರೀಕ್ಷೆಯಲ್ಲಿ, ರಕ್ತದ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 6.1 ಬಂದಿತ್ತು. 5.7ರಿಂದ 6.4ರವರೆಗಿನ ಅಂಕಿ ಎಂದರೆ ಮಧುಮೇಹದ ಹೊಸ್ತಿಲು. ಅವರ ತಾಯಿಗೂ ಸಕ್ಕರೆ ಕಾಯಿಲೆ ಇದೆ. ದಿನಾ ನಡೆಯಿರಿ ಎಂದು ವೈದ್ಯರು ಹೇಳಿ ಕಳಿಸಿದ್ದರು.

ಅವರು ನನ್ನ ಬಳಿ ಸಲಹೆಗೆ ಬಂದದ್ದು ಸಕ್ಕರೆಯ ಚಿಂತೆಗಿಂತ ಹೆಚ್ಚಾಗಿ ತಮ್ಮ ಮೇಲಿನ ಬೇಸರದಿಂದ. “ವೈದ್ಯರು ಬೆಟ್ಟ ಹತ್ತಲು ಹೇಳಲಿಲ್ಲ ಮೇಡಂ, ನಡೆಯಲು ಹೇಳಿದರು. ಅಷ್ಟೂ ನನ್ನ ಕೈಲಾಗುತ್ತಿಲ್ಲವಲ್ಲ” ಎಂದು ಕಣ್ಣು ತುಂಬಿಕೊಂಡರು.

ಅವರ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಸಿದೆ. ಬೆಳಗ್ಗೆ ಐದೂವರೆಗೆ ಎದ್ದರೆ ನಾಲ್ಕು ಊಟದ ಡಬ್ಬಿ, ಅತ್ತೆಯ ಕಾಫಿ, ರಕ್ತದೊತ್ತಡದ ಮಾತ್ರೆ, ಮಕ್ಕಳ ಜಡೆ, ಸಮವಸ್ತ್ರ. ಹತ್ತರಿಂದ ಸಂಜೆಯವರೆಗೆ ಕೌಂಟರಿನ ಕುರ್ಚಿ. ರಾತ್ರಿ ಪಾತ್ರೆ ತೊಳೆದು, ದೋಸೆಹಿಟ್ಟು ರುಬ್ಬಿಟ್ಟು ಮಲಗುವಾಗ ಹನ್ನೊಂದು. ಇದನ್ನು ಓದಿ ಸೋಮಾರಿತನ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. “ಮನೆಗೆಲಸವೇ ವ್ಯಾಯಾಮವಲ್ಲವೇ” ಎನ್ನುವವರ ಮೇಲೂ ಅಷ್ಟೇ. ಬಗ್ಗಿ ನೆಲ ಒರೆಸುವುದು, ನೀರಿನ ಕೊಡ ಹೊರುವುದು ದೇಹಕ್ಕೆ ಶ್ರಮವೇ, ಲೆಕ್ಕಕ್ಕೂ ಬರುತ್ತದೆ. ಆದರೆ ಒಲೆಯ ಮುಂದೆ ಎರಡು ಗಂಟೆ ನಿಂತರೆ ಸೊಂಟ ಹಿಡಿಯುತ್ತದೆಯೇ ಹೊರತು ಉಸಿರಾಟ ಚುರುಕಾಗುವುದಿಲ್ಲ.

ಗಂಟಿನ ಎಳೆ ಸಿಕ್ಕಿದ್ದು ಎರಡನೇ ಭೇಟಿಯಲ್ಲಿ. ಕಾಲೇಜಿನಲ್ಲಿ ಏನು ಆಡುತ್ತಿದ್ದಿರಿ ಎಂದು ಕೇಳಿದಾಗ ಸುಮಾ ನೆಟ್ಟಗೆ ಕುಳಿತರು. ಕೊಕ್ಕೊ ತಂಡದಲ್ಲಿದ್ದರಂತೆ. ಸೀರೆಯ ಸೆರಗು ಸರಿಸಿ ಮೊಣಕೈ ತೋರಿಸಿದರು; ಕಂಬ ಹಿಡಿದು ನೆಲಕ್ಕೆ ಚಾಚಿ ಎದುರಾಳಿಯನ್ನು ಮುಟ್ಟುವಾಗ ತರಚಿದ ಗಾಯ, ಈಗಲೂ ಬಿಳಿಯ ಕಲೆಯಾಗಿ ಉಳಿದಿದೆ. ಬೆನ್ನಟ್ಟುವಾಗ ದಿಕ್ಕು ಬದಲಿಸುವಂತಿಲ್ಲ, ಆದ್ದರಿಂದ ಕುಳಿತ ಆಟಗಾರ್ತಿಯರಲ್ಲಿ ಯಾರಿಗೆ ‘ಖೋ’ ಕೊಡಬೇಕೆಂಬುದು ಓಡುತ್ತಲೇ ಹೊಳೆಯಬೇಕು ಎಂದು ಐದು ನಿಮಿಷ ವಿವರಿಸಿದರು. ಆಮೇಲೆ ದನಿ ಇಳಿಸಿ, “ಹಾಗೆ ಓಡಿದವಳು ಈಗ ಉದ್ಯಾನದಲ್ಲಿ ಅಜ್ಜಿಯರ ಜೊತೆ ಸುತ್ತು ಹಾಕಬೇಕೇ ಮೇಡಂ?” ಎಂದರು.

ಪ್ರತಿ ಸಲವೂ ಅವರು ಆ ಇಪ್ಪತ್ತರ ಕಾಲನ್ನೇ ನಂಬಿ ಶುರುಮಾಡುತ್ತಿದ್ದರು. ನಸುಕಿನಲ್ಲೇ ಎದ್ದು ಕ್ರೀಡಾಂಗಣಕ್ಕೆ ಹೋಗಿ ಒಂದು ಗಂಟೆ ಓಟ. ವಾರ ಕಳೆಯುವುದರೊಳಗೆ ಮಂಡಿನೋವು. ಮನೆಗೆ ಬಂದರೆ ಅತ್ತೆ ಮಾತಿಲ್ಲದೆ ಹುರುಳಿಕಾಯಿ ಹೆಚ್ಚುತ್ತಾ ಕುಳಿತಿರುತ್ತಿದ್ದರು. ಬೈಗುಳಕ್ಕಿಂತ ಆ ಮೌನ ಹೆಚ್ಚು ಚುಚ್ಚುತ್ತಿತ್ತು. ಅಲ್ಲಿಗೆ ಓಟ ನಿಲ್ಲುತ್ತಿತ್ತು, ತಮ್ಮನ್ನು ಹಳಿದುಕೊಳ್ಳುವುದು ಮಾತ್ರ ಮುಂದುವರಿಯುತ್ತಿತ್ತು.

ಮೊದಲು ಮಂಡಿಯನ್ನು ವೈದ್ಯರಿಗೆ ತೋರಿಸಲು ಹೇಳಿದೆ. ಬಳಿಕ, ಒಂದು ಗಂಟೆ ಇಲ್ಲದಿದ್ದರೆ ಏನೂ ಇಲ್ಲ ಎಂಬ ನಿಯಮವನ್ನು ಕೈಬಿಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಸಾಕೆನ್ನುತ್ತದೆ. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಬಿರುಸು. ಹತ್ತು ನಿಮಿಷಕ್ಕಿಂತ ಕಡಿಮೆ ನಡೆದರೆ ಲೆಕ್ಕಕ್ಕಿಲ್ಲ ಎಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಸುಮಾ ಅವರಿಗೆ ಬ್ಯಾಂಕಿನ ಊಟದ ಬಿಡುವಿನಲ್ಲಿ, ಉಂಡ ತಕ್ಷಣ ಹತ್ತು ನಿಮಿಷ ನಡೆಯಲು ಹೇಳಿದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ದುಡಿಯುವ ಸ್ನಾಯುಗಳು ಬಳಸಿಕೊಳ್ಳುತ್ತವೆ, ಆದ್ದರಿಂದ ಆ ಹೊತ್ತಿನ ನಡಿಗೆ ಅವರಿಗೆ ಹೆಚ್ಚು ಪ್ರಯೋಜನಕರ. ರಾತ್ರಿ ಊಟವಾದ ಮೇಲೆ ಮಗಳೊಂದಿಗೆ ತಾರಸಿಯ ಮೇಲೆ ಇನ್ನಷ್ಟು. ವಾರಕ್ಕೆರಡು ದಿನ ಸ್ನಾಯುಬಲಕ್ಕೆ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈ ತಳ್ಳುವುದು.

ಇಷ್ಟನ್ನು ಯಾವ ವೈದ್ಯರೂ ಹೇಳಿಯಾರು. ಹೆಚ್ಚು ಹೊತ್ತು ಹಿಡಿದದ್ದು ಮನೆಯ ಮಾತು. ಅವರ ಯಜಮಾನರನ್ನು ಕರೆಸಿದೆ, ಒಳ್ಳೆಯ ಮನುಷ್ಯರು. “ಹೋಗು ಎಂದು ನಾನೇ ಹೇಳುತ್ತೇನಲ್ಲ ಮೇಡಂ” ಎಂದರು. ಹೋಗು ಎನ್ನುವುದಕ್ಕೂ ಹೋಗುವುದಕ್ಕೂ ನಡುವೆ ನಾಲ್ಕು ಡಬ್ಬಿ ಇವೆ ಎಂದು ಸುಮಾ ಬರೆದ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು. ಮಂಗಳವಾರ, ಗುರುವಾರ, ಶನಿವಾರದ ಡಬ್ಬಿ ಮತ್ತು ಅಮ್ಮನ ಕಾಫಿ ಅವರ ಪಾಲಿಗೆ ಎಂದು ಒಪ್ಪಂದವಾಯಿತು. ಹೆಂಡತಿಗೆ ಸಹಾಯವೆಂದಲ್ಲ, ತಮ್ಮ ಕೆಲಸವೆಂದೇ ಮಾಡಬೇಕು. ಸುಮಾ ಅವರಿಗೂ ಒಂದು ಕಟ್ಟು: ಚಪಾತಿ ದಪ್ಪವಾದರೆ ತಿದ್ದಲು ಹೋಗಬಾರದು. ಇದಕ್ಕೆ ಅವರು ನಡಿಗೆಗಿಂತ ಹೆಚ್ಚು ಕಷ್ಟಪಟ್ಟರು.

ಹಬ್ಬ, ನೆಂಟರು, ಮಾರ್ಚ್ ತಿಂಗಳ ಲೆಕ್ಕಪತ್ರ ಬಂದಾಗ ಮಧ್ಯಾಹ್ನದ ಹತ್ತು ನಿಮಿಷ ಮಾತ್ರ ಉಳಿಸಿಕೊಳ್ಳಿ, ತಪ್ಪಿದ್ದನ್ನು ಮರುದಿನ ಎರಡರಷ್ಟು ಮಾಡಿ ತುಂಬಿಸಬೇಡಿ ಎಂದೂ ಹೇಳಿದ್ದೆ. ದಂಡ ಕಟ್ಟುವಂತೆ ಮಾಡಿದ ವ್ಯಾಯಾಮ ಬಹಳ ದಿನ ನಡೆಯುವುದಿಲ್ಲ.

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರು: 5.9. ಸಂಜೆಯ ಬೇಕರಿ ತಿಂಡಿಯನ್ನೂ ಬಿಟ್ಟಿದ್ದರಿಂದ ಇಡೀ ಶ್ರೇಯಸ್ಸು ನಡಿಗೆಯದೆನ್ನಲಾರೆ. ಮಧ್ಯಾಹ್ನದ ನಡಿಗೆಗೆ ಈಗ ಇಬ್ಬರು ಸಹೋದ್ಯೋಗಿಗಳೂ ಜೊತೆಯಾಗಿದ್ದಾರೆ. ಮಂಡಿ ಸುಧಾರಿಸಿದ ಮೇಲೆ, ವೈದ್ಯರನ್ನು ಕೇಳಿಕೊಂಡು, ಭಾನುವಾರ ಬಡಾವಣೆಯ ಹೆಣ್ಣುಮಕ್ಕಳಿಗೆ ಕೊಕ್ಕೊ ಕಲಿಸುತ್ತಿದ್ದಾರೆ. ಗುರುವಾರದ ಡಬ್ಬಿ ಮಾತ್ರ ಆಗಾಗ ಮತ್ತೆ ಅವರ ಪಾಲಿಗೇ ಬರುತ್ತಿದೆಯಂತೆ. ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬರಬೇಕೆಂದು ಹೇಳಿದ್ದೇನೆ.